ಕಷ್ಟದ ಪೇಪರ್ ತಗೋಬೇಕಾ, ಬೇಡ್ವಾ? ಎಂಎಸ್ಸಿ ಸೀಟಿನ ಮೇಲೆ ಕಣ್ಣಿಟ್ಟ ಡಿಗ್ರಿ ವಿದ್ಯಾರ್ಥಿಗಳಿಗೆ

ಐದನೇ ಸೆಮಿಸ್ಟರ್ ಶುರುವಾಗುತ್ತಿದ್ದಂತೆ ಧಾರವಾಡದ ಡಿಗ್ರಿ ಕಾಲೇಜುಗಳ ಸ್ಟಾಫ್ ರೂಮಿಗೆ ಒಂದೇ ಪ್ರಶ್ನೆ ನಾಲ್ಕಾರು ವೇಷ ಹಾಕಿಕೊಂಡು ಬರುತ್ತದೆ. "ಸರ, ಆನ್‌ಲೈನ್ ಎನ್‌ಪಿಟೆಲ್‌ನಾಗ ಕ್ವಾಂಟಮ್ ಮೆಕ್ಯಾನಿಕ್ಸ್ ಮಾಡ್ಲೇನ್ರೀ? ಮುಂದ ಎಂಎಸ್ಸಿಗೆ ಉಪಯೋಗ ಆಗ್ತದೇನು?" ಇನ್ನೊಬ್ಬರಿಗೆ ನಾಲ್ಕನೇ ವರ್ಷದ ಆನರ್ಸ್ ಚಿಂತೆ. ಮತ್ತೊಬ್ಬರಿಗೆ ಸುಲಭದ ಐಚ್ಛಿಕ ತಗೊಂಡು ಪರ್ಸೆಂಟೇಜ್ ಏರಿಸುವುದೋ, ಕಷ್ಟದ್ದು ತಗೊಂಡು ಕಲಿಯುವುದೋ ಎಂಬ ಗೊಂದಲ. ಮೆಸೇಜ್ ಮಾಡಿ ಕೇಳುವವರೂ ಇದ್ದಾರೆ. ಅವರಲ್ಲಿ ಗದಗ, ಹಾವೇರಿ ಕಡೆಯವರೇ ಜಾಸ್ತಿ, ಯಾಕೆಂದರೆ ಅಲ್ಲಿ ಇದನ್ನೆಲ್ಲ ಹೇಳುವವರು ಕಡಿಮೆ.

"ಕಷ್ಟದ ಕೋರ್ಸ್ ಮಾಡಿದರೆ ಒಳ್ಳೆಯದೇ, ಜ್ಞಾನ ವ್ಯರ್ಥವಾಗುವುದಿಲ್ಲ" ಎಂದು ಹೇಳಿ ಕಳಿಸುವುದು ಸುಲಭ. ಆದರೆ ಮೂರನೇ ವರ್ಷದಲ್ಲಿ ಕೈಯಲ್ಲಿರುವ ತಿಂಗಳುಗಳೇ ಕಡಿಮೆ. ಒಂದು ಕೋರ್ಸಿಗೆ ಕೊಟ್ಟ ಹೊತ್ತು ಇನ್ನೊಂದರಿಂದ ಕಿತ್ತುಕೊಂಡದ್ದೇ. ಹಾಗಾಗಿ ಲೆಕ್ಕ ಹಾಕಿಯೇ ಆರಿಸಬೇಕು.

ಯಾವುದನ್ನು ನೋಡಿ ಅಳೆಯುವುದು

ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ನೀವು ಸೇರಬೇಕೆಂದಿರುವ ಕಡೆ ನಿಮ್ಮ ಮಾರ್ಕ್ಸ್ ಕಾರ್ಡನ್ನು ಯಾರಾದರೂ ಓದುತ್ತಾರಾ? ಓದುವುದೆಂದರೆ ಒಟ್ಟು ಪರ್ಸೆಂಟೇಜ್ ನೋಡುವುದಲ್ಲ, ಯಾವ ಪೇಪರ್ ತಗೊಂಡಿದ್ದೀರಿ ಎಂದು ಸಾಲು ಸಾಲು ನೋಡುವುದು. ಕೆಲವು ಕಡೆ ಯಾರೂ ನೋಡುವುದಿಲ್ಲ. ಕೆಲವು ಕಡೆ ಅದನ್ನೇ ನೋಡುತ್ತಾರೆ. ಮುಂದಿನ ಎಲ್ಲ ಲೆಕ್ಕವೂ ಇದರ ಮೇಲೆ ನಿಂತಿದೆ.

ಎರಡನೆಯದು, ಆ ಕೋರ್ಸ್ ನಿಮ್ಮ ಒಟ್ಟು ಅಂಕಕ್ಕೆ ಏನು ಮಾಡುತ್ತದೆ ಎಂಬುದು. ಮೂರನೆಯದು ಸಮಯ, ಅದರಲ್ಲೂ ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗಿನ ಸಮಯ. ನಾಲ್ಕನೆಯದು ದುಡ್ಡು. ಕೊನೆಯದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಆ ಕೋರ್ಸ್ ಮುಗಿದ ಮೇಲೆ ನಿಮ್ಮನ್ನು ಹತ್ತಿರದಿಂದ ಕಂಡ ಒಬ್ಬ ಮೇಷ್ಟ್ರು ನಿಮ್ಮ ಬಗ್ಗೆ ನಾಲ್ಕು ಸಾಲು ಗಟ್ಟಿಯಾಗಿ ಬರೆಯಬಲ್ಲರಾ?

ಎಲ್ಲಿ ಏನು ಎಣಿಕೆಗೆ ಬರುತ್ತದೆ

ಐಐಟಿಗಳ ಎಂಎಸ್ಸಿಗೆ ಜಾಮ್ ಪರೀಕ್ಷೆ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತೀಯ ಸಂಖ್ಯಾಶಾಸ್ತ್ರ, ಬಯೋಟೆಕ್ನಾಲಜಿ, ಅರ್ಥಶಾಸ್ತ್ರ, ಭೂವಿಜ್ಞಾನ ಹೀಗೆ ಏಳು ವಿಷಯಗಳು. ಸೀಟು ಸಿಗುವುದು ರ್‍ಯಾಂಕಿನ ಮೇಲೆ. ನೀವು ಡಿಗ್ರಿಯಲ್ಲಿ ಯಾವ ಐಚ್ಛಿಕ ತಗೊಂಡಿರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಸಿಲೆಬಸ್ ಕೂಡ ಡಿಗ್ರಿ ಮಟ್ಟದ್ದೇ. ಭೌತಶಾಸ್ತ್ರದ ಜಾಮ್‌ನಲ್ಲಿ ಕ್ವಾಂಟಮ್ ಎಂದರೆ ಶ್ರೋಡಿಂಗರ್ ಸಮೀಕರಣ, ಪೆಟ್ಟಿಗೆಯೊಳಗಿನ ಕಣ, ಮೆಟ್ಟಿಲು ವಿಭವ, ಅಷ್ಟೇ. ಆದರೆ ಆ ಅಷ್ಟನ್ನು ತಿರುಗಿಸಿ ಮುರುಗಿಸಿ ಕೇಳುತ್ತಾರೆ. ಇಲ್ಲಿ ಬೇಕಿರುವುದು ಲೆಕ್ಕ ಬಿಡಿಸಿದ ಕೈ. ದೊಡ್ಡ ಹೆಸರಿನ ಕೋರ್ಸು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಅದೇ ಜಾಮ್ ಅಂಕ ಹಿಡಿದು ಬೆಂಗಳೂರಿನ ಐಐಎಸ್ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ (ಎಂಎಸ್ಸಿ, ಪಿಎಚ್‌ಡಿ ಎರಡೂ ಒಟ್ಟಿಗೆ) ಹೋದರೆ ಕಥೆ ಬೇರೆ. ಅಲ್ಲಿ ಇಂಟರ್‌ವ್ಯೂ ಇದೆ. ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ತನ್ನದೇ ಲಿಖಿತ ಪರೀಕ್ಷೆ, ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ, ಆಮೇಲೆ ಇಂಟರ್‌ವ್ಯೂ. ಭೌತಶಾಸ್ತ್ರಕ್ಕೆ ಲಗ್ರಾಂಜಿಯನ್ ಮೆಕ್ಯಾನಿಕ್ಸ್, ಸರಿಯಾದ ಕ್ವಾಂಟಮ್, ಸ್ಟಾಟಿಸ್ಟಿಕಲ್ ಮೆಕ್ಯಾನಿಕ್ಸ್ ಇಲ್ಲದೆ ಅಲ್ಲಿ ಹೆಚ್ಚು ದೂರ ಹೋಗಲಾಗುವುದಿಲ್ಲ. ಗಣಿತದಲ್ಲೂ ಹೀಗೇ. ಜಾಮ್‌ಗೆ ಟೋಪಾಲಜಿ ಬೇಡ. ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟಿನ ಎಂಎಸ್ಸಿ ಪ್ರವೇಶ ಪರೀಕ್ಷೆಗೆ ಟೋಪಾಲಜಿ, ಕಾಂಪ್ಲೆಕ್ಸ್ ಅನಾಲಿಸಿಸ್, ರಿಂಗ್ ಥಿಯರಿ ಎಲ್ಲವೂ ಬೇಕು. ಇಂಥ ಕಡೆ ಹೆಚ್ಚಿನ ಕೋರ್ಸ್ ನೇರವಾಗಿ ಉಪಯೋಗಕ್ಕೆ ಬರುತ್ತದೆ, ಸರ್ಟಿಫಿಕೇಟಿನಿಂದಲ್ಲ, ತಲೆಯಲ್ಲಿ ಉಳಿದದ್ದರಿಂದ.

ಇಂಟರ್‌ವ್ಯೂ ಬಗ್ಗೆ ಒಂದು ಎಚ್ಚರಿಕೆ. ನಿಮ್ಮ ಕಾಗದದಲ್ಲಿ 'ಜನರಲ್ ರಿಲೇಟಿವಿಟಿ' ಎಂದು ಕಂಡರೆ ಮೇಷ್ಟ್ರು ಅದರಿಂದಲೇ ಶುರು ಮಾಡಬಹುದು. ವಿಡಿಯೋ ನೋಡಿ, ಅಸೈನ್‌ಮೆಂಟ್‌ನ ಉತ್ತರ ವಾಟ್ಸ್ಆ್ಯಪ್ ಗ್ರೂಪಿನಿಂದ ತೆಗೆದುಕೊಂಡು ಪಾಸಾದ ಕೋರ್ಸ್ ಇಂಥ ಹೊತ್ತಲ್ಲಿ ಕುತ್ತಿಗೆಗೆ ಬರುತ್ತದೆ. ಅಂಥದ್ದನ್ನು ಬರೆಯದಿರುವುದೇ ಮೇಲು.

ಇನ್ನು ನಮ್ಮ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಸುತ್ತಲಿನ ರಾಜ್ಯ ವಿವಿಗಳು. ಇಲ್ಲಿ ನೋಡಬೇಕಾದ್ದು ಪದವಿಯ ಅಂಕ, ಮೀಸಲಾತಿ ವರ್ಗ ಮತ್ತು ಆ ವರ್ಷದ ಪ್ರವೇಶ ಪ್ರಕಟಣೆ. ಹೊರಗಿನ ಕೋರ್ಸಿನ ಸರ್ಟಿಫಿಕೇಟಿಗೆ ಇಲ್ಲಿ ತೂಕವಿಲ್ಲ. ಪಾವಟೆ ನಗರದ ಕ್ಯಾಂಪಸ್ಸಿನಲ್ಲೇ ಎಂಎಸ್ಸಿ ಮಾಡಬೇಕು ಎಂದು ತೀರ್ಮಾನಿಸಿದವರು ಇರುವ ಪೇಪರ್‌ಗಳಲ್ಲಿ ಒಳ್ಳೆಯ ಅಂಕ ತೆಗೆಯುವುದೇ ಸರಿ.

ಹೊರದೇಶದ್ದು ಪೂರಾ ಬೇರೆ ಲೋಕ. ಅಮೆರಿಕದಲ್ಲಿ ಎಂಎಸ್ ಅಥವಾ ಪಿಎಚ್‌ಡಿಗೆ ಅರ್ಜಿ ಹಾಕಿದರೆ ವಿಭಾಗದ ಪ್ರಾಧ್ಯಾಪಕರೇ ಕೂತು ನಿಮ್ಮ ಪೇಪರ್‌ಗಳ ಪಟ್ಟಿ ಓದುತ್ತಾರೆ. ಜೊತೆಗೆ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ, ನೀವೇ ಬರೆದ ಉದ್ದೇಶ ಪತ್ರ. 2020ರ ನಂತರ ಬಹಳಷ್ಟು ವಿಭಾಗಗಳು ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯನ್ನು ಕಡ್ಡಾಯದಿಂದ ತೆಗೆದವು. ಹಾಗಾದಾಗ ಪೇಪರ್‌ಗಳ ಪಟ್ಟಿ ಮತ್ತು ಪತ್ರಗಳ ತೂಕ ಇನ್ನೂ ಏರಿತು. ಗಣಿತದ ಪಿಎಚ್‌ಡಿಗೆ ಅನಾಲಿಸಿಸ್, ಆಲ್ಜೀಬ್ರಾ ಗಟ್ಟಿಯಾಗಿರಬೇಕು, ಎಂಎಸ್ಸಿ ಮಟ್ಟದ ಒಂದೆರಡು ಕೋರ್ಸ್ ಮಾಡಿ ಒಳ್ಳೆಯ ಗ್ರೇಡ್ ತೆಗೆದಿದ್ದರೆ ಅದು ಎದ್ದು ಕಾಣುತ್ತದೆ. ಆದರೆ ಅಲ್ಲಿನ ಅನೇಕ ವಿವಿಗಳು ನಾಲ್ಕು ವರ್ಷದ ಪದವಿ ಕೇಳುತ್ತವೆ. ಮೂರು ವರ್ಷದ ಬಿಎಸ್ಸಿಯವರು ಒಂದೊಂದು ವಿವಿಯ ನಿಯಮವನ್ನೂ ಮೊದಲೇ ಓದಿಕೊಳ್ಳಬೇಕು. ಒಂದೊಂದು ಅರ್ಜಿಗೂ ಸಾವಿರಾರು ರೂಪಾಯಿ ಕಟ್ಟಬೇಕಲ್ಲ, ಸುಮ್ನೆ ಹತ್ತು ಕಡೆ ಹಾಕಿ ನೋಡುವ ಆಟವಲ್ಲ ಇದು.

ಜರ್ಮನಿಯವರು ಇನ್ನೂ ಒಂದು ಹೆಜ್ಜೆ ಮುಂದೆ. ಅವರು ಪೇಪರಿನ ಹೆಸರನ್ನಷ್ಟೇ ಅಲ್ಲ, ಒಳಗೆ ಏನು ಕಲಿಸಿದರು, ಎಷ್ಟು ಕ್ರೆಡಿಟ್ ಎಂದು ತಮ್ಮ ಪದವಿಯ ಪಕ್ಕ ಇಟ್ಟು ಹೋಲಿಸುತ್ತಾರೆ. ಇಷ್ಟು ಕ್ರೆಡಿಟ್ ಲೀನಿಯರ್ ಆಲ್ಜೀಬ್ರಾ, ಇಷ್ಟು ಕ್ರೆಡಿಟ್ ಪ್ರೋಗ್ರಾಮಿಂಗ್ ಎಂದು ಪ್ರಕಟಣೆಯಲ್ಲೇ ಬರೆದಿರುವ ಕೋರ್ಸ್‌ಗಳು ಬೇಕಾದಷ್ಟಿವೆ. ಅಲ್ಲಿ ಒಂದು ಸರಿಯಾದ ಐಚ್ಛಿಕ ಇಲ್ಲದ್ದಕ್ಕೇ ಅರ್ಜಿ ಬೀಳಬಹುದು. ಆದ್ದರಿಂದ ನಿಮ್ಮ ವಿವಿಯ ಸಿಲೆಬಸ್ ಪುಸ್ತಕದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಾಲ್ಕು ವರ್ಷ ಬಿಟ್ಟು ಹಳೆಯ ಸಿಲೆಬಸ್ ಹುಡುಕಿಕೊಂಡು ಆಫೀಸಿಗೆ ಅಲೆಯುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಖರ್ಚಿನ ಮಾತು ಹೇಳುವುದಾದರೆ, ಅಲ್ಲಿನ ಸರ್ಕಾರಿ ವಿವಿಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ. ಆದರೆ ಭಾರತೀಯರಿಗೆ ಪದವಿಯ ದಾಖಲೆ ಅಸಲಿಯೆಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ ಬೇಕು, ವೀಸಾಕ್ಕೆ ವರ್ಷದ ಜೀವನ ವೆಚ್ಚವೆಂದು 11,904 ಯೂರೋ ಖಾತೆಯಲ್ಲಿ ತೋರಿಸಬೇಕು. ಮನೆಯಲ್ಲಿ ಈ ಮಾತು ಮೊದಲೇ ಆಡಿರಬೇಕು.

ನಿಮ್ಮ ಮುಂದಿರುವ ದಾರಿಗಳು

ಮೊದಲು ಕಾಲೇಜಿನೊಳಗಿನ ಐಚ್ಛಿಕ. ಸುಲಭದ್ದೋ ಕಷ್ಟದ್ದೋ ಎಂಬುದಕ್ಕೆ ನನ್ನ ಉತ್ತರ ನಿಮ್ಮ ಈಗಿನ ಅಂಕದ ಮೇಲೆ ನಿಂತಿದೆ. 60 ಪರ್ಸೆಂಟಿನ ಆಸುಪಾಸು ಇದ್ದೀರಾ? ಹಾಗಾದರೆ ಕಷ್ಟದ ಪೇಪರಿನ ಗೊಡವೆ ಬೇಡ. ಅನೇಕ ಕಡೆ ಅರ್ಹತೆಯ ಗೆರೆ 55ರಲ್ಲೋ 60ರಲ್ಲೋ ಇರುತ್ತದೆ. ಆ ಗೆರೆಯ ಕೆಳಗೆ ಬಿದ್ದ ಮೇಲೆ ನೀವು ಎಷ್ಟು ಕಷ್ಟದ ಪೇಪರ್ ಓದಿದ್ದಿರಿ ಎಂದು ವಿವರಿಸಲು ಅವಕಾಶವೇ ಸಿಗುವುದಿಲ್ಲ, ಅರ್ಜಿಯನ್ನು ಕಂಪ್ಯೂಟರೇ ತಳ್ಳಿಬಿಡುತ್ತದೆ. 75ರ ಮೇಲಿದ್ದರೆ ಧೈರ್ಯವಾಗಿ ಕಷ್ಟದ್ದೇ ತಗೊಳ್ಳಿ. ಒಂದು ಪೇಪರಿನಲ್ಲಿ ಹತ್ತು ಅಂಕ ಹೋದರೂ ಒಟ್ಟಿನಲ್ಲಿ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ನಡುವೆ ಇರುವವರು ಒಂದನ್ನು ಮಾತ್ರ ಆರಿಸಿ, ಅದೂ ನಿಮ್ಮ ಗುರಿಯ ಪರೀಕ್ಷೆಯ ಸಿಲೆಬಸ್ಸಿನಲ್ಲಿ ಇರುವುದನ್ನು.

ಎರಡನೆಯದು ಎನ್‌ಪಿಟೆಲ್. ಐಐಟಿಗಳು ಮತ್ತು ಐಐಎಸ್ಸಿ ಸೇರಿ ನಡೆಸುವ ಇದು ನಮ್ಮ ಕಡೆಯ ಮಕ್ಕಳಿಗೆ ದೊಡ್ಡ ವರ. ಪಾಠ ಕೇಳಲು ದುಡ್ಡಿಲ್ಲ. ಪರೀಕ್ಷೆಗೆ ಕೋರ್ಸಿಗೆ 1000 ರೂಪಾಯಿ. ಕೊನೆಯ ಅಂಕದಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷಾ ಕೇಂದ್ರದಲ್ಲಿ ಕೂತು ಬರೆಯುವ ಪರೀಕ್ಷೆಗೆ 75. ಪಾಸಾಗಲು ಅಸೈನ್‌ಮೆಂಟಿನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30 ಬರಬೇಕು. ಹನ್ನೆರಡು ವಾರದ ಕೋರ್ಸ್ ಎಂದರೆ ಮೂರು ಕ್ರೆಡಿಟ್. ಕಾಲೇಜು ಒಪ್ಪಿದರೆ ಅದು ಮಾರ್ಕ್ಸ್ ಕಾರ್ಡಿಗೇ ಸೇರಬಹುದು. ಯುಜಿಸಿ ನಿಯಮ 40 ಪರ್ಸೆಂಟ್ ಕ್ರೆಡಿಟ್‌ವರೆಗೂ ಸ್ವಯಂ (ಎನ್‌ಪಿಟೆಲ್ ಕೋರ್ಸ್‌ಗಳೂ ಇರುವ ಕೇಂದ್ರ ಸರ್ಕಾರದ ಆನ್‌ಲೈನ್ ವೇದಿಕೆ) ಮೂಲಕ ಪಡೆಯಲು ದಾರಿ ಬಿಟ್ಟಿದೆ. ಆದರೆ ನಿಮ್ಮ ವಿವಿ ಅದನ್ನು ಜಾರಿಗೆ ತಂದಿದೆಯಾ ಎಂದು ಸೇರುವ ಮೊದಲೇ ಕೇಳಿಕೊಳ್ಳಿ. ಎಂಜಿನಿಯರಿಂಗಿನವರಿಗೆ ಇಲ್ಲಿ ಇನ್ನೊಂದು ಲಾಭ ಇದೆ. ವಿಟಿಯುನಲ್ಲಿ ಹೀಗೆ 18 ಹೆಚ್ಚುವರಿ ಕ್ರೆಡಿಟ್ ಗಳಿಸಿದವರಿಗೆ, ಉಳಿದ ಷರತ್ತುಗಳೂ ಪೂರೈಸಿದರೆ, ಆನರ್ಸ್ ಪದವಿ ಸಿಗುತ್ತದೆ.

ಇದರ ದೌರ್ಬಲ್ಯವೂ ಗೊತ್ತಿರಲಿ. ಪಾಠ ಮಾಡಿದ ಐಐಟಿ ಪ್ರಾಧ್ಯಾಪಕರಿಗೆ ನೀವು ಯಾರೆಂದು ಗೊತ್ತಿಲ್ಲ. ಸಾವಿರಾರು ಜನರಲ್ಲಿ ಒಬ್ಬರು ನೀವು. 'ಎಲೀಟ್' ಎಂದು ಬರೆದ ಸರ್ಟಿಫಿಕೇಟ್ ಬರುತ್ತದೆ, ಪತ್ರ ಬರುವುದಿಲ್ಲ. ಭಾರತದಲ್ಲಿ ಬರೀ ರ್‍ಯಾಂಕಿನ ಮೇಲೆ ಸೀಟು ಕೊಡುವ ಕಡೆ ಆ ಸರ್ಟಿಫಿಕೇಟ್ ಫೈಲಿನಲ್ಲೇ ಉಳಿಯುತ್ತದೆ. ಆದರೂ ನಾನು ಒಂದು ಕೋರ್ಸ್ ಮಾಡಿ ಎಂದೇ ಹೇಳುತ್ತೇನೆ. ಪಿಸಿಎಂ ಓದಿದ ನಮ್ಮ ಹುಡುಗರಿಗೆ ಎಂಎಸ್ಸಿ ಮಟ್ಟದ ಪಾಠದ ವೇಗ ಹೇಗಿರುತ್ತದೆ ಎಂದು ಮೊದಲೇ ಗೊತ್ತಾಗುವುದು ಇದರಿಂದ. ಕೆಲವರಿಗೆ ಆರನೇ ವಾರಕ್ಕೇ "ಇದು ನನ್ನ ದಾರಿ ಅಲ್ಲ" ಎಂದು ತಿಳಿಯುತ್ತದೆ. ಅದೂ ಲಾಭವೇ, ಅಲ್ವಾ?

ಮೂರನೆಯ ದಾರಿ ನನಗೆ ಬಹಳ ಇಷ್ಟದ್ದು, ಕೇಳುವವರು ಮಾತ್ರ ಕಡಿಮೆ. ಒಬ್ಬ ಮೇಷ್ಟ್ರ ಜೊತೆ ಒಂದು ಪುಸ್ತಕ ಓದುವುದು. ವಾರಕ್ಕೊಮ್ಮೆ ಹೋಗಿ ಬೋರ್ಡಿನ ಮುಂದೆ ನಿಂತು ನೀವೇ ಪ್ರಮೇಯ ಬಿಡಿಸಿ ತೋರಿಸುವುದು, ಅವರು ಅಡ್ಡ ಪ್ರಶ್ನೆ ಕೇಳುವುದು. ನಿಮ್ಮ ಕಾಲೇಜಿನವರೇ ಆಗಬಹುದು, ಕವಿವಿ ವಿಭಾಗದವರಾಗಬಹುದು. ಆ ಕ್ಯಾಂಪಸ್ಸಿಗೆ ಹೆಸರು ಕೊಟ್ಟ ಕುಲಪತಿ ಡಿ.ಸಿ. ಪಾವಟೆಯವರೇ ಕೇಂಬ್ರಿಜ್‌ನಲ್ಲಿ ಗಣಿತದ ರ್‍ಯಾಂಗ್ಲರ್ (ಅಲ್ಲಿನ ಗಣಿತ ಪದವಿಯಲ್ಲಿ ಪ್ರಥಮ ದರ್ಜೆ ಪಡೆದವರು) ಆಗಿದ್ದವರು, ಅಲ್ಲಿ ಹೋಗಿ ಗಣಿತ ಕೇಳಲು ಸಂಕೋಚ ಯಾಕೆ? ಎಂಎಸ್ಸಿ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರಲು ಬಿಡುವಿರಾ ಎಂದು ಮರ್ಯಾದೆಯಿಂದ ಕೇಳಿದರೆ ಒಪ್ಪುವವರು ಇದ್ದೇ ಇರುತ್ತಾರೆ. ಚಿಕ್ಕಮಲ್ಲಿಗವಾಡದ ಐಐಟಿ ಧಾರವಾಡದ ಪ್ರಾಧ್ಯಾಪಕರಿಗೂ ಮೇಲ್ ಬರೆಯಬಹುದು. ಬರೆಯುವಾಗ ಅವರ ಕೆಲಸದ ಬಗ್ಗೆ ಎರಡು ಸಾಲು ಓದಿಕೊಂಡು ಬರೆಯಿರಿ. ಒಂದೇ ಮೇಲನ್ನು ಐವತ್ತು ಜನಕ್ಕೆ ಕಳಿಸಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಇದರ ಫಲ ಪತ್ರದಲ್ಲಿ ಕಾಣುತ್ತದೆ. ನಮ್ಮಲ್ಲಿ ಹೆಚ್ಚಿನ ಶಿಫಾರಸು ಪತ್ರಗಳು "ಈ ವಿದ್ಯಾರ್ಥಿ ಪ್ರಾಮಾಣಿಕ, ಪರಿಶ್ರಮಿ, ಒಳ್ಳೆಯ ನಡತೆಯವನು" ಎಂದೇ ಮುಗಿಯುತ್ತವೆ. ಮದುವೆಗೆ ಹುಡುಗನನ್ನು ನೋಡುವವರಿಗೆ ಅದು ಸಾಕು, ಪಿಎಚ್‌ಡಿ ಸಮಿತಿಗೆ ಸಾಲದು. "ಈಕೆ ಇಂಥ ಪುಸ್ತಕದ ಐದು ಅಧ್ಯಾಯ ನನ್ನೆದುರು ಬಿಡಿಸಿದಳು, ಇಂಥ ಕಡೆ ಪುಸ್ತಕದಲ್ಲಿಲ್ಲದ ದಾರಿ ಹಿಡಿದಳು, ನಾನು ಪಾಠ ಮಾಡಿದ ಎಂಎಸ್ಸಿ ವಿದ್ಯಾರ್ಥಿಗಳಿಗಿಂತ ಕಡಿಮೆಯಿಲ್ಲ" ಎಂಬ ಪತ್ರವೇ ಬೇರೆ. ಮಾರ್ಕ್ಸ್ ಕಾರ್ಡಿನಲ್ಲಿ ಇಲ್ಲದ ಕೋರ್ಸ್ ಕೂಡ ಈ ಪತ್ರದ ಮೂಲಕ ಸಮಿತಿಯ ಮುಂದೆ ಬರುತ್ತದೆ.

ಬೇಸಿಗೆಯನ್ನು ಇದಕ್ಕೆ ಸೇರಿಸಿಕೊಳ್ಳಿ. ಗಣಿತದವರಿಗೆ ಎಂಟಿಟಿಎಸ್ ಶಿಬಿರ ಇದೆ, 1993ರಲ್ಲಿ ಎಸ್. ಕುಮರೇಶನ್ ಶುರು ಮಾಡಿದ್ದು. ಪಾಠ ಕೇಳಿಸಿ ಬಿಡುವ ಶಿಬಿರವಲ್ಲ, ಪ್ರಶ್ನೆ ಕೇಳಿ ಕೇಳಿ ನಿಮ್ಮ ಬಾಯಿಂದಲೇ ಗಣಿತ ಹೊರಡಿಸುವ ಶಿಬಿರ. ವಿಜ್ಞಾನದ ಎಲ್ಲ ವಿಷಯದವರಿಗೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಸಮ್ಮರ್ ರಿಸರ್ಚ್ ಫೆಲೋಶಿಪ್ ಇದೆ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ, ಅದಕ್ಕೆ ಶಿಷ್ಯವೇತನವೂ ಉಂಟು. ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ಸಿಕ್ಕವರಿಗೆ ವರ್ಷಕ್ಕೆ ಕೊಡುವ 80,000ದಲ್ಲಿ 20,000 ಬೇಸಿಗೆ ಪ್ರಾಜೆಕ್ಟಿಗೆಂದೇ ಇಟ್ಟದ್ದು. ಎರಡನೇ ವರ್ಷದಲ್ಲಿ ಇರುವವರು ಇದನ್ನು ಓದುತ್ತಿದ್ದರೆ, ನಿಮಗೆ ಇನ್ನೂ ಒಂದು ಬೇಸಿಗೆ ಕೈಯಲ್ಲಿದೆ.

ನಾಲ್ಕನೆಯದು ನಾಲ್ಕು ವರ್ಷದ ಆನರ್ಸ್. ಇದರಲ್ಲಿ ನಮ್ಮ ರಾಜ್ಯದ ಮಟ್ಟಿಗೆ ಗೊಂದಲ ಜಾಸ್ತಿ. ಕರ್ನಾಟಕ 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪ್ರಕಾರ ನಾಲ್ಕು ವರ್ಷದ ಪದವಿ ತಂದಿತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಹಾಗಾಗಿ ಈ ಆಯ್ಕೆ ನಡುವಿನ ಬ್ಯಾಚುಗಳವರದು. ಅವರಿಗೆ ಹೇಳುವುದು ಇಷ್ಟು. ಯುಜಿಸಿಯ 2022ರ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ 75 ಪರ್ಸೆಂಟ್ ಇದ್ದರೆ ನೇರ ಪಿಎಚ್‌ಡಿಗೆ ಅರ್ಹತೆ ಇದೆ. ಅಮೆರಿಕದ ನಾಲ್ಕು ವರ್ಷದ ತಕರಾರೂ ತೀರುತ್ತದೆ. ಆದರೆ ಇಲ್ಲೇ ಎರಡು ವರ್ಷದ ಎಂಎಸ್ಸಿ ಮಾಡಿ ಲೆಕ್ಚರರ್ ಆಗುವ ಯೋಚನೆಯಿದ್ದರೆ ನಾಲ್ಕನೇ ವರ್ಷ ಬರೀ ಒಂದು ವರ್ಷದ ತಡ. ಆನರ್ಸ್ ಮುಗಿಸಿದವರಿಗೆ ಒಂದು ವರ್ಷದ ಎಂಎಸ್ಸಿ ಎಂಬುದು ಕಾಗದದ ಮೇಲೆ ಚೆಂದ, ನೀವು ಸೇರಬೇಕೆಂದಿರುವ ವಿಭಾಗದಲ್ಲಿ ನಿಜವಾಗಿ ಇದೆಯಾ ಎಂದು ಹೋಗಿ ಕೇಳಿ. ಇನ್ನೊಂದು, ನಾಲ್ಕನೇ ವರ್ಷದ ಬೆಲೆ ಅಲ್ಲಿ ಸಿಗುವ ಗೈಡ್‌ನಿಂದ. ಪಾಠ ಮಾಡುವವರೇ ಕೊರತೆಯಿರುವ ಕಾಲೇಜಿನಲ್ಲಿ 'ರಿಸರ್ಚ್ ಪ್ರಾಜೆಕ್ಟ್' ಎಂದರೆ ಬೈಂಡ್ ಮಾಡಿಸಿದ ಪುಸ್ತಕ ಅಷ್ಟೇ.

ಕೊನೆಯ ದಾರಿ, ಏನೂ ಹೆಚ್ಚಿನದು ಮಾಡದೆ ಪ್ರವೇಶ ಪರೀಕ್ಷೆಗೇ ಕೂರುವುದು. ಜಾಮ್ ಒಂದೇ ಗುರಿಯಾದರೆ ಇದೇ ಸರಿ, ನಾಚಿಕೆ ಪಡಬೇಕಿಲ್ಲ. ಅರ್ಜಿ ಶುಲ್ಕ ಒಂದು ಪೇಪರಿಗೆ ಸುಮಾರು 2000, ಮಹಿಳೆಯರಿಗೆ ಮತ್ತು ಎಸ್‌ಸಿ, ಎಸ್‌ಟಿಯವರಿಗೆ ಅದರ ಅರ್ಧ. ಧಾರವಾಡದ ಸಪ್ತಾಪುರಕ್ಕೆ ಬಂದು ರೂಮು ಮಾಡಬೇಕಾ ಎಂದು ಗದಗದಿಂದ ಕೇಳುತ್ತಾರೆ. ಸಪ್ತಾಪುರದ ಕೋಚಿಂಗ್ ಹೆಚ್ಚಾಗಿ ಕೆಎಎಸ್, ಪಿಎಸ್‌ಐನಂಥ ನೌಕರಿ ಪರೀಕ್ಷೆಗಳದ್ದು. ಜಾಮ್‌ಗೆ ಹಳೆಯ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ, ಮನೆಯಲ್ಲೇ ಗಡಿಯಾರ ಇಟ್ಟು ಬರೆಯಿರಿ. ರೂಮಿನ ಬಾಡಿಗೆ, ಮೆಸ್ಸಿನ ದುಡ್ಡು ಉಳಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು

ಮನೆಯಲ್ಲಿ ದುಡ್ಡಿನ ತಾಪತ್ರಯ, ಬೇಗ ಎಂಎಸ್ಸಿ ಮುಗಿಸಿ ದುಡಿಯಬೇಕು, ಅಪ್ಪ ಅವ್ವ ಬಿ.ಎಡ್ ಅನ್ನುತ್ತಿದ್ದಾರೆ ಎಂಬ ಪರಿಸ್ಥಿತಿಯವರು ಒಟ್ಟು ಅಂಕ ಮತ್ತು ಜಾಮ್ ಎರಡನ್ನೇ ಹಿಡಿಯಿರಿ. ಸಂಶೋಧನೆಗೇ ಹೋಗಬೇಕು ಎನ್ನುವವರು ಐದನೇ ಸೆಮಿಸ್ಟರಿನಲ್ಲಿ ಒಂದು ಎನ್‌ಪಿಟೆಲ್, ಜೊತೆಗೆ ಒಬ್ಬ ಮೇಷ್ಟ್ರ ಹತ್ತಿರ ಓದು, ಬೇಸಿಗೆಯಲ್ಲಿ ಒಂದು ಪ್ರಾಜೆಕ್ಟ್. ಮೂರನ್ನೂ ಒಂದೇ ವಿಷಯದ ಸುತ್ತ ಇಟ್ಟುಕೊಳ್ಳಿ. ಹತ್ತು ವಿಷಯದ ಹತ್ತು ಸರ್ಟಿಫಿಕೇಟಿಗಿಂತ ಒಂದೇ ದಿಕ್ಕಿನ ಮೂರು ಕೆಲಸ ಇಂಟರ್‌ವ್ಯೂನಲ್ಲಿ ಕೈ ಹಿಡಿಯುತ್ತದೆ. ಜರ್ಮನಿ ಎನ್ನುವವರು ಇವತ್ತೇ ಎರಡು ವಿವಿಗಳ ಪ್ರವೇಶ ನಿಯಮ ತೆಗೆದು, ನಿಮ್ಮ ಸಿಲೆಬಸ್ ಪಕ್ಕದಲ್ಲಿಟ್ಟು, ಇಲ್ಲದ ಪೇಪರಿಗೆ ಗುರುತು ಹಾಕಿ. ಆ ಖಾಲಿ ಜಾಗ ತುಂಬುವ ಐಚ್ಛಿಕವೇ ನಿಮ್ಮದು, ಕಷ್ಟವಿರಲಿ ಸುಲಭವಿರಲಿ.

ಗೇಟ್ ಬರೆದು ಎಂಟೆಕ್‌ಗೆ ಹೋಗುವ ಎಂಜಿನಿಯರಿಂಗ್ ಹುಡುಗರಿಗೂ ಜಾಮ್‌ನ ಮಾತೇ ಅನ್ವಯ, ಅಂಕವೇ ಮುಖ್ಯ. ಮೂರನೇ ವರ್ಷದಲ್ಲೇ ಬರೆಯಬಹುದು, ಅಂಕ ಮೂರು ವರ್ಷ ನಡೆಯುತ್ತದೆ. ಎಂಎಸ್ ಬೈ ರಿಸರ್ಚ್ ಬೇಕೆಂದರೆ ಮಾತ್ರ ಇಂಟರ್‌ವ್ಯೂ ಇರುವುದರಿಂದ ಒಂದು ಗಟ್ಟಿ ಐಚ್ಛಿಕ ಬೇಕು.

ಆರ್ಟ್ಸ್‌ನವರು ನಮ್ಮನ್ನು ಬಿಟ್ಟಿರಲ್ಲ ಎನ್ನಬೇಡಿ, ಅರ್ಥಶಾಸ್ತ್ರದವರಿಗೆ ಹೇಳುವುದಿದೆ. ಬಿಎ ಅರ್ಥಶಾಸ್ತ್ರ ಮಾಡಿ ಒಳ್ಳೆಯ ಕಡೆ ಪಿಜಿಗೆ ಹೋಗಬೇಕೆಂದರೆ ಅರ್ಥಶಾಸ್ತ್ರದ ಇನ್ನೊಂದು ಪೇಪರ್‌ಗಿಂತ ಗಣಿತದ ಒಂದು ಪೇಪರ್ ಹೆಚ್ಚು ಕೆಲಸ ಮಾಡುತ್ತದೆ. ಜಾಮ್ ಅರ್ಥಶಾಸ್ತ್ರದಲ್ಲೂ, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಪರೀಕ್ಷೆಯಲ್ಲೂ ಕ್ಯಾಲ್ಕುಲಸ್, ಸಂಭವನೀಯತೆ ಇಲ್ಲದೆ ನಡೆಯುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರ ಪಿಎಚ್‌ಡಿಯವರಂತೂ ರಿಯಲ್ ಅನಾಲಿಸಿಸ್ ಮಾಡಿದ್ದೀರಾ ಎಂದೇ ಹುಡುಕುತ್ತಾರೆ. ಪಿಯುಸಿಯಲ್ಲಿ ಗಣಿತ ಬಿಟ್ಟವರು ಎನ್‌ಪಿಟೆಲ್‌ನ ಬೇಸಿಕ್ ಕ್ಯಾಲ್ಕುಲಸ್‌ನಿಂದ ಶುರು ಮಾಡಿ. ಜುಲೈನಲ್ಲಿ ಒಂದು ಸುತ್ತು, ಜನವರಿಯಲ್ಲಿ ಇನ್ನೊಂದು ಸುತ್ತು ಕೋರ್ಸ್‌ಗಳು ತೆರೆಯುತ್ತವೆ. ಸೇರುವುದಕ್ಕೆ ದುಡ್ಡಿಲ್ಲ, ಪರೀಕ್ಷೆಯ ಶುಲ್ಕ ಕಟ್ಟುವುದು ಆಮೇಲೆ. ಮೂರು ವಾರ ಅಸೈನ್‌ಮೆಂಟ್ ಮಾಡಿ ನೋಡಿ, ಹೊಂದಿಕೊಂಡರೆ ಕಟ್ಟಿ.